ಹದಿನಾಲ್ಕು ಹೆಬ್ಬೆರಳು

"ಈ ಹೆಬ್ಬೆರಳಿಗೆ ಏನಮ್ಮ ಅರ್ಥ?"

ವಿಮಲಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಫೋನನ್ನು ರಶ್ಮಿತಾಳ ಕಡೆ ತಿರುಗಿಸಿದರು. ಹೊಳೆಕಾಡು ಎಸ್ಟೇಟಿನ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದ ಹುಡುಗಿಗೆ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಓಕೆ ಅಂತ ಮೇಡಂ."

"ಓಕೆ ಅಂದ್ರೆ? ಓದಿದೆ ಅಂತಲೋ, ಒಪ್ಪಿದೆ ಅಂತಲೋ, ಮಾಡ್ತೀನಿ ಅಂತಲೋ?"

ರಶ್ಮಿತಾ ಪೆನ್ನಿನ ಕ್ಯಾಪು ಕಚ್ಚಿದಳು.

"ಬೈಬೇಡಿ ಅಂತ ಮೇಡಂ," ಎಂದಳು.

ವಿಮಲಮ್ಮನಿಗೆ ನಗು ಬಂತು. ಆದರೆ ಎದುರಿನ ಗೋಡೆ ನೋಡಿದಾಗ ಆ ನಗು ಅರ್ಧಕ್ಕೇ ನಿಂತಿತು. ಅಲ್ಲಿ 'ಗ್ರೂಪ್ ನಿಯಮಗಳು' ಎಂದು ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ಅಂಟಿಸಿದ್ದರು. ಕೆಲಸದ ಸಂದೇಶ ಬಂದ ಐದು ನಿಮಿಷದೊಳಗೆ ಎಲ್ಲರೂ ಹೆಬ್ಬೆರಳು ಹಾಕಬೇಕು. ಹಾಕದವರಿಗೆ ಸಾವ್ಕಾರ್ರೇ ಫೋನ್ ಮಾಡುತ್ತಾರೆ. ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಕೂಡದು, ಏನಿದ್ದರೂ ಬರೆದೇ ಹಾಕಬೇಕು. ಕೆಳಗೆ ಮಾಲೀಕ ಕುಶಾಲಪ್ಪನವರ ಸಹಿ ಇತ್ತು.

ಗುರುವಾರ ಮಧ್ಯಾಹ್ನ ಒಂದೂವರೆಯಾಗಿತ್ತು. ನಾಲ್ಕು ಗಂಟೆಗೆ, ಆಳುಗಳ ಹಾಜರಿ ಬರೆಯುವ ರೈಟರ್ ತೀರ್ಥಪ್ರಸಾದನ ಕೈಗೆ ಕೆಲಸದಿಂದ ತೆಗೆದುಹಾಕುವ ಪತ್ರ ಹೋಗುವುದಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಏಳನೇ ಬ್ಲಾಕಿನಲ್ಲಿ ಕಾಫಿ ಹಣ್ಣು ಕುಯ್ಯಲು ಮೂವತ್ತು ಹೆಂಗಸರು ಹೋಗಿದ್ದರು. ಅಲ್ಲಿ ಒಂಟಿ ಸಲಗ ನಿಂತಿತ್ತು. ಆನೆ ವಾಚರ್ ಚಿಕ್ಕ ಎಲ್ಲಿಂದಲೋ ಕೂಗುತ್ತ ಓಡಿ ಬಂದು ಅಡ್ಡ ನಿಂತದ್ದರಿಂದ ಹೆಂಗಸರೆಲ್ಲ ತಪ್ಪಿಸಿಕೊಂಡರು. ಚಿಕ್ಕನನ್ನು ಮಾತ್ರ ಆನೆ ಎತ್ತಿ ಎಸೆಯಿತು. ಈಗ ಅವನು ಸೊಂಟ ಮುರಿದುಕೊಂಡು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಮೂರು ದಿನದಿಂದ ಮಾತಿಲ್ಲ. ಹೆಂಡತಿ ಮುದ್ದಿ ಅಲ್ಲೇ ಇದ್ದಾಳೆ.

ತಪ್ಪು ಯಾರದು ಎಂದು ಎಸ್ಟೇಟಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗ್ರೂಪ್ ತೆಗೆದು ನೋಡಿದರೆ ಸಾಕಿತ್ತು. ಸೋಮವಾರ ಬೆಳಿಗ್ಗೆ ಆರು ಐವತ್ತಕ್ಕೆ ಮ್ಯಾನೇಜರ್ ದೇವರಾಜು ಹಾಕಿದ ಸಂದೇಶ ಅಲ್ಲೇ ಇತ್ತು: '7ನೇ ಬ್ಲಾಕಲ್ಲಿ ಆನೆ ಇದೆ. ಯಾರೂ ಆ ಕಡೆ ಹೋಗಬೇಡಿ.' ಅದರ ಕೆಳಗೆ ಹದಿನಾಲ್ಕು ಹೆಬ್ಬೆರಳು. ಅದರಲ್ಲಿ ಒಂದು ತೀರ್ಥಪ್ರಸಾದನದು. ಹೆಬ್ಬೆರಳು ಹಾಕಿದವನೇ ಹೆಂಗಸರನ್ನು ಆನೆಯ ಬಾಯಿಗೆ ಕಳಿಸಿದ ಎಂದು ಆಳುಗಳ ಲೈನ್ ಮನೆಗಳಲ್ಲೆಲ್ಲ ಮಾತಾಯಿತು.

ಕುಶಾಲಪ್ಪನವರು ವಿಮಲಮ್ಮನನ್ನು ಕರೆಸಿದ್ದು ಪತ್ತೆ ಮಾಡಲಿಕ್ಕೇನೂ ಅಲ್ಲ, ಪತ್ರದ ಜೊತೆ ಲಗತ್ತಿಸಲು ಒಂದು ರಿಪೋರ್ಟ್ ಬೇಕಾಗಿತ್ತು ಅಷ್ಟೆ. ಮೂವತ್ತೊಂದು ವರ್ಷ ಪೊಲೀಸ್ ವೈರ್‌ಲೆಸ್ ರೂಮಿನಲ್ಲಿ ಕೂತು ನಿವೃತ್ತಿಯಾದ ಹೆಂಗಸು ಸಹಿ ಹಾಕಿದರೆ ಅದಕ್ಕೊಂದು ತೂಕ. ವಿಮಲಮ್ಮ ಕುಶಾಲನಗರದಿಂದ ಬಸ್ಸು ಹಿಡಿದು ಬಂದರು. ಬಂದ ಮೇಲೆ, ರಿಪೋರ್ಟ್ ಬರೆಯುವ ಮೊದಲು ಒಂದು ಸಲ ಗ್ರೂಪ್ ಓದುತ್ತೇನೆ ಎಂದರು. ಕೆಲವರಿಗೆ ಹೀಗೆ ಸುಮ್ಮನಿರಲು ಬರುವುದಿಲ್ಲ.

"ಎಲ್ಲಾನೂ ಓದ್ತೀರಾ ಮೇಡಂ?" ರಶ್ಮಿತಾಗೆ ಗಾಬರಿಯಾಗಿತ್ತು. "ಒಂದು ದಿನಕ್ಕೇ ಇನ್ನೂರ ಎಂಬತ್ತು ಮೆಸೇಜ್ ಉಂಟು. ಇಂಥದ್ದು ಒಂಬತ್ತು ಗ್ರೂಪು. ನಾವು ಯಾರೂ ಓದುದಿಲ್ಲ."

"ಮತ್ತೆ ಏನ್ ಮಾಡ್ತೀರಿ?"

"ಹೆಬ್ಬೆರಳು ಹಾಕ್ತೇವೆ."

ವಿಮಲಮ್ಮ ಚೀಲದಿಂದ ಗೆರೆ ಹಾಕಿದ ನೋಟ್‌ಬುಕ್ ತೆಗೆದರು. ಭಾನುವಾರ ಸಂಜೆಯಿಂದ ಶುರುಮಾಡಿದರು. ಗುಡ್ ನೈಟ್ ದೀಪಗಳು, ಗುಡ್ ಮಾರ್ನಿಂಗ್ ಗುಲಾಬಿಗಳು, ಯಾರದೋ ಮಗುವಿನ ಹುಟ್ಟುಹಬ್ಬ, ಆ ಮಗುವಿಗೆ ಹದಿನೇಳು ಜನರ ಹಾರೈಕೆ, ಹದಿನೇಳು ಜನರಿಗೂ ಪ್ರತ್ಯೇಕ ಧನ್ಯವಾದ. ಪಂಪಿನ ಫೋಟೋ, ಅದೇ ಪಂಪಿನ ಫೋಟೋ ಇನ್ನೊಂದು ಕೋನದಿಂದ. ಡಿಲೀಟ್ ಆದ ಸಂದೇಶಗಳ ಗುರುತು ನಡುನಡುವೆ.

ಅವರು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಇದು ಬಾರದೇ ಹೋಗಿದ್ದರೆ ಯಾರಾದರೂ ಕೆಲಸ ನಿಲ್ಲಿಸಿ ಕಾಯುತ್ತಿದ್ದರೇ? ಇಲ್ಲ ಎಂದಾದರೆ ಮುಂದಕ್ಕೆ. ಹೌದು ಎಂದಾದರೆ ಸಮಯ, ಯಾರಿಂದ, ಯಾರಿಗೆ ಎಂದು ನೋಟ್‌ಬುಕ್ಕಿಗೆ. ವೈರ್‌ಲೆಸ್ ರೂಮಿನಲ್ಲಿ ಕಲಿತದ್ದು ಇದು. ಅಲ್ಲಿ ಜಿಲ್ಲೆಯ ಅಷ್ಟೂ ಠಾಣೆಗಳು ಒಟ್ಟಿಗೇ ಕೂಗುತ್ತಿದ್ದವು. ಎಲ್ಲರಿಗೂ ಕಿವಿ ಕೊಟ್ಟರೆ ಯಾರದೂ ಕೇಳಿಸುತ್ತಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ನೋಟ್‌ಬುಕ್ಕಿನಲ್ಲಿ ಒಂಬತ್ತು ಸಾಲುಗಳಿದ್ದವು.

"ಇಷ್ಟೇನಾ?" ಎಂದಳು ರಶ್ಮಿತಾ.

"ಇಷ್ಟೇ. ಒಂದು ಕಮ್ಮಿ ಇದೆ ಅನ್ಸುತ್ತೆ." ವಿಮಲಮ್ಮ ಹಿಂದಿನ ವಾರಕ್ಕೆ ಹೋಗಿ ಮತ್ತೆ ಮುಂದೆ ಬಂದರು. "ದೇವರಾಜು ದಿನಾ ಆರೂ ಮುಕ್ಕಾಲರಿಂದ ಏಳರೊಳಗೆ, ಇವತ್ತು ಇಂಥ ಬ್ಲಾಕಲ್ಲಿ ಕೆಲಸ ಅಂತ ಹಾಕ್ತಾನೆ ಅಲ್ವಾ?"

"ಹೌದು ಮೇಡಂ. ಒಂದು ದಿನಾನೂ ತಪ್ಪಿಸುದಿಲ್ಲ."

"ಸೋಮವಾರ ತಪ್ಪಿಸಿದಾನೆ ನೋಡು. ಆನೆ ಇದೆ ಅಂತ ಹಾಕಿದಾನೆ. ಕೆಲಸ ಎಲ್ಲಿ ಅಂತ ಹಾಕೇ ಇಲ್ಲ."

ರಶ್ಮಿತಾ ಬಗ್ಗಿ ನೋಡಿದಳು. ಮೂರು ದಿನದಿಂದ ಆ ಸಂದೇಶವನ್ನು ಎಸ್ಟೇಟಿನವರೆಲ್ಲ ನೂರು ಸಲ ನೋಡಿದ್ದರು. ಇದ್ದದ್ದನ್ನು ನೋಡಿದ್ದರು, ಇಲ್ಲದ್ದನ್ನು ಯಾರೂ ನೋಡಿರಲಿಲ್ಲ.

ವಿಮಲಮ್ಮ ಫೋನನ್ನು ಇನ್ನೂ ಹತ್ತಿರ ಹಿಡಿದರು. ಆರು ಐವತ್ತು ಎಂಬ ಸಮಯದ ಪಕ್ಕದಲ್ಲಿ ಮಸುಕಾದ ಚಿಕ್ಕ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಪದವಿತ್ತು. ಎಡಿಟೆಡ್.

"ಇದೇನಮ್ಮ?"

"ಅದಾ? ಕಳಿಸಿದ ಮೇಲೆ ತಿದ್ದಿದ್ರೆ ಹಾಗೆ ಬರ್ತದೆ. ಹದಿನೈದು ನಿಮಿಷದ ಒಳಗೆ ತಿದ್ದಬಹುದು."

"ತಿದ್ದಿದ್ರೆ ಮೊದಲಿನದು ಕಾಣುತ್ತಾ?"

"ಇಲ್ಲ ಮೇಡಂ. ಮೊದಲಿನದು ಹೋಯ್ತು. ಟೈಮ್ ಮಾತ್ರ ಹಳೇದೇ ಇರ್ತದೆ. ಹೆಬ್ಬೆರಳೂ ಹಾಗೇ ಇರ್ತದೆ..."

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು.

"ನೀನೂ ಹೆಬ್ಬೆರಳು ಹಾಕಿದೀಯಲ್ಲ. ಹಾಕುವಾಗ ಅಲ್ಲಿ ಏನಿತ್ತು?"

ರಶ್ಮಿತಾಳ ಕಣ್ಣು ತುಂಬಿಕೊಂಡಿತು. "ಗೊತ್ತಿಲ್ಲ ಮೇಡಂ. ನಾನು ಓದಲಿಲ್ಲ."

ವಿಮಲಮ್ಮ ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಕೇಳಿದರು. ಪಿಕಪ್ ಡ್ರೈವರ್, ಪಂಪ್ ನೋಡಿಕೊಳ್ಳುವವನು, ಸ್ಟೋರಿನವನು. ಎಲ್ಲರದೂ ಅದೇ ಉತ್ತರ. ಒಬ್ಬ ಹಲ್ಲುಜ್ಜುತ್ತ ಹಾಕಿದ್ದ, ಇನ್ನೊಬ್ಬ ಗೇರು ಹಾಕುತ್ತ ಹಾಕಿದ್ದ. ಹೆಬ್ಬೆರಳು ಹದಿನಾಲ್ಕಿದ್ದರೂ ಸಾಕ್ಷಿ ಹೇಳಲು ಒಬ್ಬರೂ ಇರಲಿಲ್ಲ.

ಓದಿದವನು ಒಬ್ಬನೇ. ಅವನು ಆಫೀಸಿನ ಜಗುಲಿಯ ಮೇಲೆ ಬೆಳಿಗ್ಗೆಯಿಂದ ಕೂತಿದ್ದ.

ತೀರ್ಥಪ್ರಸಾದನಿಗೆ ನಲವತ್ತರ ಹತ್ತಿರ. ಫೋನು ಎಸ್ಟೇಟಿನದ್ದಾದ್ದರಿಂದ ಅದನ್ನು ಮಂಗಳವಾರವೇ ಕಿತ್ತುಕೊಂಡು ಸಾವ್ಕಾರ್ರ ಟೇಬಲ್ಲಿನ ಡ್ರಾಯರಿನಲ್ಲಿಟ್ಟಿದ್ದರು. ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ ಮಂಡಿಯ ಮೇಲಿಟ್ಟುಕೊಂಡಿದ್ದ. ವಿಮಲಮ್ಮ ಅವನ ಪಕ್ಕದಲ್ಲೇ ಕೂತರು.

"ಆ ಮೆಸೇಜಲ್ಲಿ ಏನಿತ್ತಪ್ಪ?"

"ಎಷ್ಟು ಸಲ ಹೇಳುದು ಮೇಡಂ. ಏಳನೇ ಬ್ಲಾಕಲ್ಲಿ ಪಿಕ್ಕಿಂಗ್ ಅಂತ ಇತ್ತು. ಓದಿದೆ, ಹೆಬ್ಬೆರಳು ಹಾಕಿದೆ, ಹಾಜರಿ ಕರೆದೆ, ಕಳಿಸಿದೆ. ಆಮೇಲೆ ತೆಗೆದು ತೋರಿಸುವ ಅಂತ ನೋಡಿದ್ರೆ ಆನೆ ಅಂತ ಉಂಟು. ಈಗ ನಂಗೇ ಡೌಟು. ನಾನೇ ಸರಿ ಓದಲಿಲ್ವಾ? ಎಂಥ ಆಯ್ತು ನನ್ನ ಕಣ್ಣಿಗೆ?"

"ಮನೇಲಿ ಏನಂತಾರೆ?"

"ಪಾತ್ರೆ ಗೋಣಿಚೀಲಕ್ಕೆ ತುಂಬಿಸ್ತಾ ಇದ್ದಾಳೆ. ಕ್ವಾಟ್ರಸ್ ಬಿಡ್ಬೇಕಲ್ಲ. ಬಿಡುವ ಮೇಡಂ, ಅದು ಎಂಥದೂ ಇಲ್ಲ. ಮುದ್ದಿ ಆಂಬುಲೆನ್ಸ್ ಹತ್ತುವಾಗ ನನ್ನ ಮುಖ ನೋಡಿದ್ಲು. ಒಂದು ಮಾತೂ ಆಡ್ಲಿಲ್ಲ."

ಕೆಲಸ ಹೋದರೆ ಇನ್ನೊಂದು ಸಿಗಬಹುದು. ಆದರೆ ಜನರನ್ನು ಆನೆಯ ಮುಂದೆ ಕಳಿಸಿದವನೆಂಬ ಹೆಸರು ಹೊತ್ತವನನ್ನು ತಿತಿಮತಿಯಿಂದ ಕೊಡ್ಲಿಪೇಟೆಯವರೆಗೆ ಯಾವ ಎಸ್ಟೇಟಿನವರೂ ಗೇಟಿನೊಳಗೆ ಬಿಡುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಈ ಮನುಷ್ಯ ತನ್ನ ಕಣ್ಣನ್ನು ತಾನೇ ನಂಬದ ಹಾಗೆ ಆಗಿದ್ದ.

ಅಷ್ಟರಲ್ಲಿ ವನಜಮ್ಮ ಟೀ ತಂದಳು.

ವನಜಮ್ಮ ಎಸ್ಟೇಟಿನ ಅಡುಗೆಮನೆಯವಳು. ಹತ್ತು ಗಂಟೆಯ ಟೀ, ಎಲ್ಲಿ ಕುಯ್ಲು ನಡೆಯುತ್ತದೋ ಅಲ್ಲಿಗೆ ಕ್ಯಾನಿನಲ್ಲಿ ಹೋಗುವುದು ಅವಳ ಕೈಯಿಂದ. ಲೋಟ ಕೊಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಳು. ಒಳಗೆ ರಶ್ಮಿತಾಳ ಫೋನು ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು. ಅಂಗಳದಲ್ಲಿ ನಿಂತಿದ್ದ ಡ್ರೈವರನ ಜೇಬೂ ದನಿಗೂಡಿಸಿತು. ವನಜಮ್ಮನ ಸೆರಗಿನ ಗಂಟಿನಲ್ಲಿದ್ದ ಫೋನು ಮಾತ್ರ ತೆಪ್ಪಗಿತ್ತು.

"ನಿಮ್ಮ ಫೋನ್ ಯಾಕೆ ಸುಮ್ಮನಿದೆ ವನಜಮ್ಮ?"

"ನಾ ಗ್ರೂಪಿಂದ ಆಚೆ ಬಂದು ಒಂದು ವರ್ಸ ಆಯ್ತು ಕಣವ್ವ. ಹಾಲು ಉಕ್ಕೋದ್ ನೋಡ್ಲಾ, ಇವರ ಗುಲಾಬಿ ನೋಡ್ಲಾ? ಸಾವ್ಕಾರ್ರು ಬೈದ್ರು. ಬೈಲಿ ಬುಡಿ, ಟೀ ಹೊತ್ತಿಗೆ ಸರ್ಯಾಗ್ ಹೋಯ್ತದಲ್ಲ."

"ಮತ್ತೆ ಟೀ ಯಾವ ಬ್ಲಾಕಿಗೆ ಹೋಗಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ರಶ್ಮಿತವ್ವ ಒಂದೇ ಒಂದು ಕಳುಸ್ತದೆ, ಬೆಳಿಗ್ಗೆ. ಅದ್ ಬುಟ್ಟು ಇನ್ಯಾರೂ ಏನೂ ಕಳುಸಂಗಿಲ್ಲ ನಂಗೆ."

ವಿಮಲಮ್ಮ ಟೀ ಲೋಟವನ್ನು ಜಗುಲಿಯ ಮೇಲಿಟ್ಟರು. ಬಹಳ ಮೆಲ್ಲಗೆ ಇಟ್ಟರು. ಖುಷಿಯಾದಾಗ ಅವರ ಕೈ ಹೀಗೆ ನಿಧಾನವಾಗುತ್ತಿತ್ತು.

"ಬರೆದು ಕಳಿಸ್ತಾಳಾ, ಇಲ್ಲಾ ದೇವರಾಜು ಹಾಕಿದ್ದನ್ನೇ ಕಳಿಸ್ತಾಳಾ?"

ಬಾಗಿಲಲ್ಲಿ ನಿಂತಿದ್ದ ರಶ್ಮಿತಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅದನ್ನೇ ಫಾರ್ವರ್ಡ್ ಮಾಡ್ತೇನೆ ಮೇಡಂ. ಹೆಬ್ಬೆರಳು ಹಾಕುದು, ವನಜಮ್ಮಂಗೆ ಫಾರ್ವರ್ಡ್ ಮಾಡುದು. ದಿನಾ ಮಾಡಿ ಮಾಡಿ ಕೈಗೆ ಅಭ್ಯಾಸ. ನೆನಪೇ ಇರುದಿಲ್ಲ."

ವನಜಮ್ಮ ಸೆರಗಿನ ಗಂಟು ಬಿಚ್ಚಿದಳು. ಅವಳ ಫೋನಿನಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ದಿನಕ್ಕೊಂದರಂತೆ ಸಂದೇಶಗಳು ಸಾಲಾಗಿದ್ದವು. ಸೋಮವಾರ ಬೆಳಿಗ್ಗೆ ಆರು ಐವತ್ತಮೂರಕ್ಕೆ ಬಂದದ್ದು ಹೀಗಿತ್ತು:

'ಇವತ್ತು 7ನೇ ಬ್ಲಾಕ್ ಪಿಕ್ಕಿಂಗ್. 7 ಗಂಟೆಗೆ ಎಲ್ರೂ ಅಲ್ಲಿರಬೇಕು.'

ತೀರ್ಥಪ್ರಸಾದ ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಜಗುಲಿಯ ಕಂಬಕ್ಕೆ ಹಣೆಯಿಟ್ಟು, ಮೂರು ದಿನದಿಂದ ತಡೆದುಕೊಂಡಿದ್ದನ್ನೆಲ್ಲ ಅತ್ತುಬಿಟ್ಟ.

"ನನ್ನ ಕಣ್ಣಿಗೆ ಎಂಥದೂ ಆಗ್ಲಿಲ್ಲ ಅಲ್ವಾ ಮೇಡಂ," ಎಂದ.

"ಏನೂ ಆಗಿಲ್ಲ ಕಣಪ್ಪ. ಇಲ್ಲೇ ಕೂತಿರು, ಎಲ್ಲೂ ಹೋಗ್ಬೇಡ."

ಮೂರೂವರೆಗೆ ವಿಮಲಮ್ಮ ಕುಶಾಲಪ್ಪನವರ ಕೋಣೆಗೆ ಹೋದರು. ಬಾಗಿಲನ್ನು ಬೇಕೆಂದೇ ತೆರೆದಿಟ್ಟರು. ಜಗುಲಿಯ ಮೇಲೆ ಕೂತವನಿಗೆ ಕೇಳಿಸಲಿ ಎಂದು.

ಕುಶಾಲಪ್ಪನವರು ಅರವತ್ತು ದಾಟಿದ ಅಚ್ಚುಕಟ್ಟಾದ ಮನುಷ್ಯ. ಟೇಬಲ್ಲಿನ ಮೇಲೆ ಟೈಪಾದ ಪತ್ರ, ಪೆನ್ನು, ಫೋನು, ಎಲ್ಲವೂ ಒಂದೇ ಗೆರೆಯಲ್ಲಿದ್ದವು. ಪಕ್ಕದಲ್ಲಿ ದೇವರಾಜು ನಿಂತಿದ್ದ. ಅವನ ಕೈಯ ಫೋನು ಗಳಿಗೆಗೊಮ್ಮೆ ನಡುಗುತ್ತಿತ್ತು, ಪ್ರತಿ ಸಲವೂ ಅವನ ಕಣ್ಣು ಅತ್ತ ಹೋಗುತ್ತಿತ್ತು.

"ರಿಪೋರ್ಟ್ ಆಯ್ತಾ ವಿಮಲಮ್ಮ?"

"ಒಂದು ಸಾಲು ಬಾಕಿ ಇದೆ ಸಾರ್. ದೇವರಾಜು, ಸೋಮವಾರ ಕೆಲಸ ಯಾವ ಬ್ಲಾಕಲ್ಲಿ ಅಂತ ಎಲ್ಲಿ ಹಾಕಿದ್ರಿ?"

"ಅದು... ಹಿಂದಿನ ದಿನಾನೇ ಬಾಯಲ್ಲಿ ಹೇಳಿದ್ದೆ ಮೇಡಂ."

"ಯಾರಿಗೆ?"

"ರೈಟ್ರಿಗೆ."

"ಯಾವ ಬ್ಲಾಕ್ ಅಂತ?"

"ನಾಲ್ಕು."

ವಿಮಲಮ್ಮ ವನಜಮ್ಮನ ಫೋನನ್ನು ಟೇಬಲ್ಲಿನ ಮೇಲಿಟ್ಟರು. ಅದರ ಪಕ್ಕಕ್ಕೆ ರಶ್ಮಿತಾಳ ಫೋನಿಟ್ಟರು. ಒಂದರಲ್ಲಿ ಪಿಕ್ಕಿಂಗ್, ಇನ್ನೊಂದರಲ್ಲಿ ಆನೆ. ಕುಶಾಲಪ್ಪನವರು ಓದಿ ನಿಧಾನವಾಗಿ ತಲೆಯೆತ್ತಿದರು.

"ಎಂಥ ದೇವರಾಜು ಇದು?"

ದೇವರಾಜುವಿನ ಮುಖದಲ್ಲಿ ರಕ್ತವೇ ಇರಲಿಲ್ಲ. "ಸಾರ್, ಏಳು ಗಂಟೆಗೆ ಕೂಗಾಟ ಕೇಳಿಸ್ತು. ಎಲ್ರಿಗೂ ಗೊತ್ತಾಗ್ಲಿ ಅಂತ... ಹೊಸದು ಬರೆಯೋ ಬದಲು ಅದನ್ನೇ ತಿದ್ದಿದೆ. ಎಚ್ಚರಿಸೋಕೆ ಸಾರ್, ಬೇರೇನಿಲ್ಲ."

"ಹೊಸದು ಹಾಕಿದ್ರೆ ಎಲ್ಲರ ಫೋನೂ ಸದ್ದು ಮಾಡೋದು," ಎಂದರು ವಿಮಲಮ್ಮ. "ತಿದ್ದಿದ್ರೆ ಒಂದೂ ಸದ್ದು ಮಾಡಲ್ಲ. ಎಚ್ಚರಿಸೋನು ಯಾರಿಗೂ ಕೇಳಿಸದ ಹಾಗೆ ಎಚ್ಚರಿಸ್ತಾನೇನಪ್ಪ?"

ದೇವರಾಜು ಟೇಬಲ್ಲಿನ ಮೇಲಿನ ಎರಡೂ ಫೋನುಗಳನ್ನು ಮತ್ತೊಮ್ಮೆ ನೋಡಿದ.

"ಹೆದರಿಬಿಟ್ಟೆ ಮೇಡಂ," ಎಂದ. "ಕಳಿಸಿದೋನು ನಾನೇ ಅಲ್ವಾ. ಸಾವ್ಕಾರ್ರು ಏನಂತಾರೋ ಅಂತ ಕೈ ತಾನಾಗೇ ತಿದ್ದೋಕೆ ಹೋಯ್ತು. ತೀರ್ಥನ ಮೇಲೆ ಬೀಳುತ್ತೆ ಅಂತ ಆಗ ಯೋಚಿಸ್ಲಿಲ್ಲ, ದೇವರಾಣೆ. ಬಿದ್ದ ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ಆದ್ರೆ ಅಲ್ಲಿ ಆನೆ ಇದೆ ಅಂತ ನಂಗೆ ಮೊದ್ಲೇ ಗೊತ್ತಿದ್ರೆ ನಾನು ಮೂವತ್ತು ಜನ ಕಳಿಸ್ತಿದ್ನಾ? ಯಾರಾದ್ರೂ ಒಂದು ಮಾತು ಹೇಳಿದ್ರೆ..."

ಕುಶಾಲಪ್ಪನವರು ಪತ್ರವನ್ನು ಅವನ ಕಡೆ ತಳ್ಳಿದರು. "ರಶ್ಮಿತಾಗೆ ಕೊಡು. ಮೇಲೆ ಹೆಸರು ಮಾತ್ರ ಬದಲಾಯಿಸ್ಲಿಕ್ಕೆ ಹೇಳು. ನಿನ್ನದು ಹಾಕ್ಲಿ."

ಎಷ್ಟು ಸಲೀಸಾಗಿ ಹೇಳಿದರೆಂದರೆ, ವಿಮಲಮ್ಮನಿಗೆ ಆ ಕ್ಷಣ ದೇವರಾಜುವಿನ ಮೇಲೂ ಸ್ವಲ್ಪ ಮರುಕ ಹುಟ್ಟಿತು.

"ತಾಳಿ ಸಾರ್. ಅವನು ಕೇಳಿದ್ದಕ್ಕೆ ಉತ್ತರ ಹೇಳಿಬಿಡ್ತೀನಿ. ಒಂದು ಮಾತು ಹೇಳಿದಾರೆ. ಆರು ಮೂವತ್ತೆಂಟಕ್ಕೇ ಹೇಳಿದಾರೆ."

ಅವರು ನೋಟ್‌ಬುಕ್ ತೆರೆದರು. ಒಂಬತ್ತು ಸಾಲುಗಳಲ್ಲಿ ಒಂದರ ಮುಂದೆ ಪ್ರಶ್ನೆ ಚಿಹ್ನೆಯಿತ್ತು. ವೈರ್‌ಲೆಸ್ ರೂಮಿನಲ್ಲಿ ಅರ್ಧಕ್ಕೆ ಕಡಿದುಹೋದ ಕರೆಯನ್ನೂ ಬರೆದಿಡಬೇಕಿತ್ತು. ಯಾವ ಊರಿನಿಂದ, ಎಷ್ಟು ಹೊತ್ತಿಗೆ ಎಂದಾದರೂ ಇರಲೇಬೇಕು. ಆ ಚಾಳಿಗೆ ಅವರು ಡಿಲೀಟ್ ಆದ ಸಂದೇಶವನ್ನೂ ಬರೆದಿಟ್ಟಿದ್ದರು.

"ಸೋಮವಾರ, ಆರು ಮೂವತ್ತೆಂಟು. ಕಳಿಸಿದವನು ಚಿಕ್ಕ. ಏನು ಕಳಿಸಿದ ಅನ್ನೋದು ಇಲ್ಲ, ಡಿಲೀಟ್ ಆಗಿದೆ."

"ಡಿಲೀಟ್ ಮಾಡಿದ್ದು ಯಾರು?" ಕುಶಾಲಪ್ಪನವರ ದನಿ ಗಡುಸಾಯಿತು. "ಅವನನ್ನು ಹಿಡಿಯಿರಿ ಮೊದಲು."

"ಹೆಸರು ಅಲ್ಲೇ ಇದೆ ಸಾರ್. ನೀವೇ ಓದಿ."

ರಶ್ಮಿತಾಳ ಫೋನನ್ನು ಅವರ ಮುಂದೆ ಸರಿಸಿದರು. ಚಿಕ್ಕನ ಹೆಸರಿನ ಕೆಳಗೆ, ಸಂದೇಶ ಇರಬೇಕಾದಲ್ಲಿ ಒಂದೇ ಸಾಲು. ಅಡ್ಮಿನ್ ಕುಶಾಲಪ್ಪ ಇದನ್ನು ಡಿಲೀಟ್ ಮಾಡಿದ್ದಾರೆ.

ಕುಶಾಲಪ್ಪನವರು ಆ ಸಾಲನ್ನು ಎಷ್ಟು ಸಲ ಓದಿದರೋ.

"ವಾಯ್ಸ್ ಆಗಿರ್ಬೇಕು," ಎಂದರು ಕೊನೆಗೆ. "ನೂರು ಸಲ ಹೇಳಿದ್ದೇನೆ, ವಾಯ್ಸ್ ಹಾಕಬೇಡಿ ಅಂತ. ಎದ್ದ ಕೂಡ್ಲೇ ನೋಡಿದ್ರೆ ಹತ್ತು ಹದಿನೈದು ಇರ್ತದೆ. ಗ್ರೂಪ್ ನೀಟಾಗಿರ್ಲಿ ಅಂತ ಕಾಫಿ ಕುಡಿತಾ ಕುಡಿತಾ ತೆಗೀತೇನೆ. ಎಲ್ಲರ ಒಳ್ಳೇದಕ್ಕೇ."

"ಕೇಳಿ ತೆಗೀತೀರಾ?"

ಕುಶಾಲಪ್ಪನವರು ಟೇಬಲ್ಲಿನ ಮೇಲಿನ ಪೆನ್ನನ್ನು ಮತ್ತೆ ಗೆರೆಗೆ ಸರಿಯಾಗಿ ಇಟ್ಟರು.

"ಚಿಕ್ಕನಿಗೆ ಬರೆಯೋಕೆ ಬರಲ್ಲ ಸಾರ್. ಓದೋಕೂ ಬರಲ್ಲ. ಗೋಡೆ ಮೇಲೆ ಅಂಟಿಸಿರೋ ನಿಯಮಾನೂ ಅವನಿಗೆ ಗೊತ್ತಿರಲಿಕ್ಕಿಲ್ಲ. ಬೆಳಕು ಹರಿಯೋ ಹೊತ್ತಿಗೆ ಬೇಲಿ ಉದ್ದಕ್ಕೂ ನಡೆದು ನೋಡಿದ್ದನ್ನ ಬಾಯಲ್ಲಿ ಹೇಳಿ ಕಳಿಸಿದಾನೆ ಅನ್ಸುತ್ತೆ. ಹನ್ನೆರಡು ನಿಮಿಷ ಆದ್ಮೇಲೆ ಏಳನೇ ಬ್ಲಾಕಿಗೇ ಕೆಲಸ ಬಿತ್ತು. ಹೆಂಗಸರು ಅತ್ತ ಬರೋದು ಕಂಡು ಓಡಿ ಬಂದಿದಾನೆ."

ಕುಶಾಲಪ್ಪನವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಮೂರು ದಿನದಿಂದ ಅವರೇ ಎಲ್ಲರೆದುರು ಹೇಳುತ್ತ ಬಂದಿದ್ದರು, ವಾಚರ್ ತಡವಾಗಿ ಬಂದ, ಮೊದಲೇ ಹೇಳಬಾರದಿತ್ತೇ ಎಂದು.

"ಅದರಲ್ಲಿ ಎಂಥ ಇತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ ಅಲ್ವಾ," ಎಂದರು. ಪ್ರಶ್ನೆಯೋ ಸಮಾಧಾನವೋ ತಿಳಿಯಲಿಲ್ಲ. ಪತ್ರವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಮೇಲಿನ ಹೆಸರು ಇನ್ನೂ ತೀರ್ಥಪ್ರಸಾದನದೇ ಇತ್ತು. "ವಿಮಲಮ್ಮ, ಈ ವಿಷಯ ಈ ರೂಮಿನಿಂದ ಆಚೆ ಹೋಗ್ಬೇಕಾ? ತೀರ್ಥಂಗೆ ವಿರಾಜಪೇಟೆಯಲ್ಲಿ ನಮ್ಮ ಗೋಡೌನ್ ಉಂಟು, ಅಲ್ಲಿ ಕೆಲಸ ಕೊಡುವ. ಸಂಬಳ ಹೆಚ್ಚೇ ಕೊಡುವ. ಆಸ್ಪತ್ರೆ ಖರ್ಚೂ ನಂದೇ. ರಿಪೋರ್ಟ್ ಮಾತ್ರ ಮೊದಲಿನ ಹಾಗೇ ಇರ್ಲಿ."

ದೇವರಾಜು ಉಸಿರು ಬಿಟ್ಟದ್ದು ಕೇಳಿಸಿತು.

ಜಗುಲಿಯ ಮೇಲೆ ಕೂತಿದ್ದ ತೀರ್ಥಪ್ರಸಾದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟಿದ್ದ.

"ಗೋಡೌನ್ ಬೇಡ ಸಾರ್," ಎಂದ. ದನಿ ಏರಿಸಲಿಲ್ಲ. "ನಾನು ಸರಿ ಓದಿದೆ ಅಂತ ಮುದ್ದಿಗೆ ಗೊತ್ತಾಗ್ಬೇಕು. ನಂಗೆ ಅಷ್ಟೇ ಸಾಕು."

ವಿಮಲಮ್ಮ ರಿಪೋರ್ಟಿನ ಹಾಳೆಯನ್ನು ಕುಶಾಲಪ್ಪನವರ ಮುಂದಿಟ್ಟರು. "ನಾನು ನೋಡಿದ್ದೆಲ್ಲ ಬರೆದಿದ್ದೀನಿ ಸಾರ್, ಅದನ್ನ ತಿದ್ದಲ್ಲ. ಕೊನೇ ಸಾಲು ಖಾಲಿ ಬಿಟ್ಟಿದ್ದೀನಿ. ತಪ್ಪು ಯಾರದು ಅಂತ ಅಲ್ಲಿ ಬರೀಬೇಕು. ನಾಲ್ಕಕ್ಕೆ ಇನ್ನೂ ಎರಡು ನಿಮಿಷ ಇದೆ."

ಕುಶಾಲಪ್ಪನವರು ಪೆನ್ನು ಎತ್ತಿಕೊಂಡರು. ಒಂದು ಕಡೆ ಪತ್ರ, ಒಂದು ಕಡೆ ರಿಪೋರ್ಟು. ಪೆನ್ನಿನ ಮೊನೆ ಎರಡರ ನಡುವೆ ನಿಂತಿತು.

ಆಗ ಕೋಣೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು. ಟೇಬಲ್ಲಿನ ಮೇಲೆ ರಶ್ಮಿತಾಳದು, ಅದರ ಪಕ್ಕದಲ್ಲಿ ಸಾವ್ಕಾರ್ರದು, ದೇವರಾಜುವಿನ ಮುಷ್ಟಿಯೊಳಗಿನದು. ಮಂಗಳವಾರದಿಂದ ಡ್ರಾಯರಿನೊಳಗೆ ಬಿದ್ದಿದ್ದ ತೀರ್ಥಪ್ರಸಾದನ ಫೋನೂ ಮರದ ಹಲಗೆಗೆ ತಾಗಿ ಗುರ್ರೆಂದಿತು.

ಗ್ರೂಪಿನಲ್ಲಿ ಹೊಸ ಸಂದೇಶ ಬಂದಿತ್ತು. ಕಳಿಸಿದವನ ಹೆಸರು ಚಿಕ್ಕ.

ವಾಯ್ಸ್ ಮೆಸೇಜ್. ನಲವತ್ತೊಂದು ಸೆಕೆಂಡು.

"ಮಾತು ಬಂತು," ಎಂದ ತೀರ್ಥಪ್ರಸಾದ. ಅವನ ಕೈಗಳು ತಾವಾಗಿಯೇ ಮುಗಿದುಕೊಂಡವು. "ಸಾರ್, ಅವನಿಗೆ ಮಾತು ಬಂತು."

ಕುಶಾಲಪ್ಪನವರು ಪೆನ್ನು ಬಿಟ್ಟು ಫೋನೆತ್ತಿಕೊಂಡರು. ಐದು ಸೆಕೆಂಡಾಗಿರಬಹುದು, ಹೆಚ್ಚೆಂದರೆ ಹತ್ತು. ನಲವತ್ತೊಂದು ಸೆಕೆಂಡಿನ ಆ ಮಾತನ್ನು ಇನ್ನೂ ಯಾರೂ ಕೇಳಿ ಮುಗಿಸಿರುವುದು ಸಾಧ್ಯವೇ ಇರಲಿಲ್ಲ. ಆದರೂ ಅದರ ಕೆಳಗೆ ಒಂದು ಹೆಬ್ಬೆರಳು ಮೂಡಿತು. ನೋಡುತ್ತಿದ್ದಂತೆಯೇ ಮೂರಾಯಿತು, ಆರಾಯಿತು.

ದೇವರಾಜು ಮುಂದಕ್ಕೆ ಬಾಗಿದ. ತಿದ್ದಿದ್ದು ಬಯಲಾದಾಗಲೂ ಅವನ ಮುಖದಲ್ಲಿ ಈ ಭಯ ಇರಲಿಲ್ಲ.

"ಸಾರ್," ಎಂದ ಪಿಸುದನಿಯಲ್ಲಿ. "ಅದನ್ನ ಇಲ್ಲಿ ಕೇಳೋದು ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ. ಡಿಲೀಟ್ ಮಾಡ್ಬಿಡಿ."

ವಿಮಲಮ್ಮ ತಟ್ಟನೆ ಅವನ ಕಡೆ ತಿರುಗಿದರು. ಆರು ಮೂವತ್ತೆಂಟರಿಂದ ಡಿಲೀಟ್ ಆಗುವವರೆಗೆ ಆ ಮೊದಲ ಸಂದೇಶ ಗ್ರೂಪಿನಲ್ಲಿ ಎಷ್ಟು ಹೊತ್ತು ಇತ್ತು, ಅಷ್ಟರಲ್ಲಿ ದೇವರಾಜು ಅದನ್ನು ಕೇಳಿದ್ದನೇ ಎಂದು ಅವರು ಇನ್ನೂ ವಿಚಾರಿಸಿರಲಿಲ್ಲ.

ಹೆಬ್ಬೆರಳುಗಳು ಒಂಬತ್ತಾಗಿದ್ದವು.

ಕುಶಾಲಪ್ಪನವರು ದೇವರಾಜುವನ್ನು ನೋಡಿದರು. ಬಾಗಿಲಲ್ಲಿ ಕೈಮುಗಿದು ನಿಂತವನನ್ನು ನೋಡಿದರು. ಆಮೇಲೆ ಫೋನಿನ ಕಡೆ ತಲೆ ಬಗ್ಗಿಸಿದರು, ಅವರ ಹೆಬ್ಬೆರಳು ಪರದೆಯ ಮೇಲೆ ಇಳಿಯಿತು.